ಓದಬಲ್ಲವರ ಮೌನ

ಮೃಗಪಕ್ಷಿಗಳ ಬಾಯಿಂದ ರಾಜನೀತಿಯನ್ನು ಹೇಳಿಸುವ ಪದ್ಧತಿಯು ನಮ್ಮವರಿಗೆ ಹೊಸದಲ್ಲ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಆದರೆ ಆ ಕಥೆಗಳು ಆಳಲಿರುವ ರಾಜಪುತ್ರರಿಗೆ ಹೇಳಿದಂಥವು. 1945ನೆಯ ಆಗಸ್ಟಿನಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್ಲರ ‘ಅನಿಮಲ್ ಫಾರ್ಮ್’ ಎಂಬ ಕಿರುಗ್ರಂಥವಾದರೋ ಪ್ರಜೆಗಳಿಗಾಗಿ ಬರೆದ ಪಂಚತಂತ್ರವಾಗಿದೆ.

ಆರ್ವೆಲ್ಲರು 1903ರಲ್ಲಿ ಜನಿಸಿದುದು ಬಿಹಾರದ ಮೋತಿಹಾರಿಯಲ್ಲಿ. 1917ರಲ್ಲಿ ಗಾಂಧೀಜಿಯವರು ನೀಲಿಯ ಸಾಗುವಳಿಯಿಂದ ನೊಂದ ರೈತರ ಪಕ್ಷ ವಹಿಸಿದ ಚಂಪಾರಣ್ಯದ ಸೀಮೆಯದು. ಯೌವನದಲ್ಲಿ ಅವರು ಬರ್ಮಾದಲ್ಲಿ ಪೋಲೀಸ್ ಅಧಿಕಾರಿಯಾಗಿದ್ದರು. 1941ರಿಂದ 1943ರ ವರೆಗೆ ಬಿ.ಬಿ.ಸಿ.ಯಿಂದ ಹಿಂದೂಸ್ಥಾನಕ್ಕೆ ಯುದ್ಧಕಾಲದ ಭಾಷಣಗಳನ್ನು ಪ್ರಸಾರಮಾಡಿಸಿದರು. ದಂಡಶಕ್ತಿ, ಪ್ರಚಾರಶಕ್ತಿ ಎರಡನ್ನೂ ಒಳಗಿನಿಂದಲೇ ಕಂಡವರು ಅವರು.

ರಷ್ಯಾದ ಕ್ರಾಂತಿಯೂ ಸ್ಟಾಲಿನನ ಆಳ್ವಿಕೆಯೂ ಈ ಕಥೆಗೆ ಮೂಲ. ಒಡೆಯನನ್ನು ಓಡಿಸಿದ ಪ್ರಾಣಿಗಳು ಏಳು ಕಟ್ಟಳೆಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆಯಿಸುತ್ತವೆ. ಹಾಲೂ ಸೇಬೂ ಮೊದಲು ಹಂದಿಗಳ ಪಾಲಾಗುತ್ತವೆ. ಆಮೇಲೆ ಒಡೆಯನ ಮಂಚ, ಸ್ವಜನರ ಕೊಲೆ, ಕಡೆಗೆ ಮದ್ಯ. ಒಂದೊಂದು ಅಕೃತ್ಯಕ್ಕೂ ಗೋಡೆಯ ಮೇಲಿನ ಕಟ್ಟಳೆಗೆ ಒಂದೆರಡು ಪದಗಳು ಗುಟ್ಟಾಗಿ ಸೇರುತ್ತವೆ. ಸ್ಕ್ವೀಲರನೆಂಬ ವಾಚಾಳಿ ಹಂದಿಯು ಒಂದು ರಾತ್ರಿ ಏಣಿಯಿಂದ ಬಿದ್ದು, ಬಣ್ಣದ ಡಬ್ಬಿ ಕುಂಚಗಳೊಡನೆ ಸಿಕ್ಕರೂ ಹೆಚ್ಚಿನವರಿಗೆ ಅದರ ಅರ್ಥವೇ ಹೊಳೆಯುವುದಿಲ್ಲ! ಪ್ರಜೆಯು ತನ್ನ ನೆನಪನ್ನೇ ನಂಬದಂತೆ ಮಾಡುವುದು ಪ್ರಚಾರದ ಪರಮ ವಿಜಯವಲ್ಲವೆ?

ಆದರೆ ಈ ಕಥೆಯ ಘೋರವಾದ ಪಾಠವು ಹಂದಿಗಳಲ್ಲಿಲ್ಲ. ಬೆಂಜಮಿನ್ ಎಂಬ ಕತ್ತೆಯಲ್ಲಿದೆ. ಹಂದಿಗಳಷ್ಟೇ ಚೆನ್ನಾಗಿ ಓದಬಲ್ಲ ಈ ಕತ್ತೆಯು, ಓದತಕ್ಕದ್ದು ಏನೂ ಇಲ್ಲವೆಂದು ಸುಮ್ಮನಿರುತ್ತದೆ. ದುಡಿದು ಸೋತ ಬಾಕ್ಸರ್ ಎಂಬ ಕುದುರೆಯನ್ನು ಚಿಕಿತ್ಸೆಯ ನೆಪದಿಂದ ಬಂಡಿಗೇರಿಸಿದ ದಿನ ಅದು ಬಾಯ್ದೆರೆದು, ಬಂಡಿಯ ಮೇಲಿದ್ದ ಕಟುಕನ ಹೆಸರನ್ನು ಓದಿ ಹೇಳುತ್ತದೆ. ಅಷ್ಟರಲ್ಲಿ ಬಂಡಿಯು ಹೊರಟಾಗಿತ್ತು. ಮರುದಿನಗಳಲ್ಲಿ ಅದಕ್ಕೂ ಸ್ಕ್ವೀಲರನ ಸಮಾಧಾನ ಸಿದ್ಧವಾಗಿತ್ತು.

ಈ ಗ್ರಂಥದ ಗತಿಯೂ ಹೀಗೆಯೇ ಆಯಿತು. 1944ರಲ್ಲಿ ರಷ್ಯಾವು ಬ್ರಿಟನ್ನಿನ ಮಿತ್ರರಾಷ್ಟ್ರವಾಗಿದ್ದಿತು. ಹಲವು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಅವರಲ್ಲೊಬ್ಬರು ಸರಕಾರದ ಪ್ರಚಾರ ಖಾತೆಯ ಅಧಿಕಾರಿಯೊಬ್ಬನ ಸಲಹೆಯಿಂದ ಹಿಂಜರಿದರು. ಕಾನೂನಿನ ಪ್ರತಿಬಂಧವಿರಲಿಲ್ಲ, ಓದಬಲ್ಲವರ ಸಂಕೋಚವೇ ಸಾಕಾಯಿತು. ಇದನ್ನು ಖಂಡಿಸಿ ಆರ್ವೆಲ್ಲರು ಬರೆದ ಮುನ್ನುಡಿಯು ಬೆಳಕು ಕಂಡುದು 1972ರಲ್ಲಿ.

1975ರಲ್ಲಿ ನಮ್ಮ ದೇಶದಲ್ಲಿಯೇ ತುರ್ತುಪರಿಸ್ಥಿತಿಯು ಘೋಷಿತವಾಗಿ ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಾಗ, ಕೆಲವು ಪತ್ರಿಕೆಗಳು ಸಂಪಾದಕೀಯದ ಸ್ಥಳವನ್ನು ಬರಿದಾಗಿ ಬಿಟ್ಟು ಪ್ರತಿಭಟಿಸಿದವು. ಆ ಬರಿದಾದ ಅಂಕಣವೂ ಒಂದು ಮಾತೇ ಆಗಿದ್ದಿತು. ಬೆಂಜಮಿನ್ನನ ಮೌನವಾದರೋ ಅಂಥದಲ್ಲ.

ಅಧಿಕಾರವು ಯಾರ ಕೈಯಲ್ಲಿದ್ದರೂ ಕುಂಚವನ್ನು ಹುಡುಕುವುದು ಅದರ ಸ್ವಭಾವ. ಗೋಡೆಯ ಮೇಲೆ ನಿನ್ನೆ ಏನಿದ್ದಿತೆಂಬುದನ್ನು ಇಂದು ಗಟ್ಟಿಯಾಗಿ ಓದಿ ಹೇಳುವುದು ಅಕ್ಷರ ಬಲ್ಲವರ ಧರ್ಮ. ಬಂಡಿಯು ಬಾಗಿಲಿಗೆ ಬಂದ ಮೇಲೆ ಓದಿ ಫಲವೇನು?