ಶ್ರೀರಂಗಪಟ್ಟಣದ ಪತನವೂ ವೃತ್ತಿಕುಶಲರ ನಿರುದ್ಯೋಗವೂ

1799ನೆಯ ಇಸವಿ ಮೇ ತಿಂಗಳ 4ನೆಯ ದಿನ ಶ್ರೀರಂಗಪಟ್ಟಣದ ಕೋಟೆಯು ಇಂಗ್ಲಿಷರ ವಶವಾಯಿತು. ನಮ್ಮ ಇತಿಹಾಸ ಗ್ರಂಥಗಳಲ್ಲಿ ಈ ದಿನದ ವೃತ್ತಾಂತವು ಸಾಮಾನ್ಯವಾಗಿ ಟಿಪ್ಪು ಸುಲ್ತಾನನ ಮರಣ, ಪಟ್ಟಣದ ಸೂರೆ, ಒಡೆಯರ ವಂಶದ ಪುನಃಪ್ರತಿಷ್ಠೆ ಎಂಬ ಮೂರು ಘಟ್ಟಗಳಲ್ಲಿ ಮುಗಿದುಹೋಗುತ್ತದೆ. ಅದರ ಹಿಂದಿನ ದಿನದವರೆಗೆ ಸುಲ್ತಾನನ ಬೊಕ್ಕಸದಿಂದ ಸಂಬಳ ಪಡೆಯುತ್ತಿದ್ದ ಫಿರಂಗಿಯ ಎರಕದವರು, ಬಂದೂಕು ಮಾಡುವವರು, ಅಗ್ನಿಬಾಣದವರು, ಡೇರೆ ಹೊಲಿಯುವವರು, ಟಂಕಸಾಲೆಯವರು, ಜೆಟ್ಟಿಗಳು, ಸವಾರರು ಮುಂದೆ ಏನಾದರೆಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಈ ಪ್ರಶ್ನೆಯನ್ನು ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಮೇರೆಯಲ್ಲಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಅಂದು ಪಾಂಡವಪುರಕ್ಕೆ ಹಿರೋಡೆಯೆಂದೂ, ಕೃಷ್ಣರಾಜಪೇಟೆಗೆ ಅತ್ತಿಗುಪ್ಪೆಯೆಂದೂ ಹೆಸರಿದ್ದುದನ್ನು ವಾಚಕರು ನೆನಪಿನಲ್ಲಿಡಬೇಕು.

ಶ್ರೀರಂಗಪಟ್ಟಣವು ವ್ಯಾಪಾರದಿಂದ ಬೆಳೆದ ಪಟ್ಟಣವಲ್ಲ. 1610ರಲ್ಲಿ ರಾಜ ಒಡೆಯರು ಅದನ್ನು ರಾಜಧಾನಿಯನ್ನಾಗಿ ಮಾಡಿಕೊಂಡಂದಿನಿಂದ ಅರಮನೆಯ ವೆಚ್ಚವೇ ಅದರ ಆಧಾರ. ಹೈದರಲ್ಲಿಯ ಕಾಲದಲ್ಲಿ ದಂಡಿನ ವೆಚ್ಚವು ಅದಕ್ಕೆ ಕೂಡಿಕೊಂಡಿತು. ಟಿಪ್ಪುವಿನ ಕಾಲದಲ್ಲಿ ಸರಕಾರವೇ ಕಾರ್ಖಾನೆಗಳನ್ನು ನಡೆಸತೊಡಗಿತು. ಕುಶಲರನ್ನು ದೂರದಿಂದ ಕರೆಸಿಕೊಳ್ಳುವುದರಲ್ಲಿ ಈ ದೊರೆಗೆ ಇದ್ದ ಉತ್ಸಾಹ ಅಸಾಧಾರಣವಾದುದು. 1787ರಲ್ಲಿ ಪಾಂಡಿಚೇರಿಯಿಂದ ಹೊರಟು 1788ರ ಆಗಸ್ಟಿನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡ ಅವನ ಮೂವರು ರಾಯಭಾರಿಗಳು ಸೈನಿಕ ಸಹಾಯದ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದರು. ಸೈನ್ಯ ದೊರೆಯಲಿಲ್ಲ, ಕರ್ಮಿಗಳು ಕೆಲವರು ದೊರೆತರು. ಮರುವರ್ಷ ಅವರು ರಾಯಭಾರಿಗಳೊಡನೆ ಬಂದಿಳಿದರು. ಸ್ವದೇಶದೊಳಗೂ ಇದೇ ನೀತಿಯೇ ನಡೆಯಿತು. ದ್ವೀಪದ ಪೂರ್ವಭಾಗದಲ್ಲಿ ಶಹರ್ ಗಂಜಾಮ್ ಎಂಬ ಪೇಟೆಯನ್ನು ಕಟ್ಟಿಸಿದಾಗ, ಅದನ್ನು ತುಂಬಲು ಶಿರಾ ಪಟ್ಟಣದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದನೆಂದು ಗೆಜೆಟಿಯರುಗಳು ಹೇಳುತ್ತವೆ. ಈ ಸಂಖ್ಯೆಯಲ್ಲಿ ಅತಿಶಯವಿರಬಹುದು. ಆದರೆ ಗಂಜಾಮಿನ ಜನ ತಾವಾಗಿ ಬಂದವರಲ್ಲ, ತರಲ್ಪಟ್ಟವರು ಎಂಬುದರಲ್ಲಿ ಸಂದೇಹವಿಲ್ಲ.

ಪತನಾನಂತರದ ಒಪ್ಪಂದಗಳಂತೆ ದ್ವೀಪವು ಕುಂಪಣಿಯ ಪಾಲಿಗೆ ಹೋಯಿತು. ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಜೂನ್ 30ರಂದು ಮೈಸೂರಿನಲ್ಲಿ ಪಟ್ಟವಾಯಿತು. ಅಂದರೆ ಅರಸನು ಒಂದು ಊರಿನಲ್ಲಿ, ಅವನ ಹಳೆಯ ರಾಜಧಾನಿ ಇನ್ನೊಬ್ಬರ ಕೈಯಲ್ಲಿ. ಮರುವರ್ಷ, 1800ರ ಮೇ ತಿಂಗಳಿನಲ್ಲಿ, ಕುಂಪಣಿಯ ಆಜ್ಞೆಯಂತೆ ದೇಶವನ್ನು ಪರಿಶೀಲಿಸಲು ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಮನೆಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಕೋಟೆಯೊಳಗೆ 4,163 ಮನೆಗಳು, 5,499 ಕುಟುಂಬಗಳು. ಗಂಜಾಮಿನಲ್ಲಿ 2,216 ಮನೆಗಳು, 3,335 ಕುಟುಂಬಗಳು. ಮನೆಯೊಂದಕ್ಕೆ ಐದು ಜನರಂತೆ ಅವನು ಒಟ್ಟು ಜನಸಂಖ್ಯೆಯನ್ನು 31,895 ಎಂದು ಎಣಿಸಿದ. ಸುಲ್ತಾನನ ಕಾಲದಲ್ಲಿ ದ್ವೀಪದಲ್ಲಿ 1,50,000 ಜನರಿದ್ದರೆಂಬುದು ಅವನ ಅಂದಾಜು.

ಈ ಲೆಕ್ಕವನ್ನು ಅನಂತರದ ಲೇಖಕರು ಯಥಾವತ್ತಾಗಿ ಸ್ವೀಕರಿಸುತ್ತ ಬಂದಿದ್ದಾರೆ. ಆದರೆ ಕುಟುಂಬಗಳ ಸಂಖ್ಯೆಯು ಮನೆಗಳ ಸಂಖ್ಯೆಗಿಂತ 2,455ರಷ್ಟು ಹೆಚ್ಚಾಗಿರುವುದನ್ನು ಗಮನಿಸಬೇಕು. ಮನೆಗೆ ಬದಲಾಗಿ ಕುಟುಂಬಕ್ಕೆ ಐದು ಜನರೆಂದು ಹಿಡಿದರೆ ಮೊತ್ತವು 44,170 ಆಗುತ್ತದೆ. ಒಂದೇ ಸೂರಿನಡಿ ಎರಡು ಸಂಸಾರಗಳು ಸೇರಿಕೊಂಡಿದ್ದ ಮನೆಗಳು ಅನೇಕವಿದ್ದುವೆಂಬುದೂ ಈ ಅಂಕಿಗಳಿಂದಲೇ ಹೊರಡುತ್ತದೆ. ಹೇಗೆ ಎಣಿಸಿದರೂ, ಹದಿಮೂರು ತಿಂಗಳ ಅವಧಿಯಲ್ಲಿ ಪಟ್ಟಣವು ತನ್ನ ಜನರಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡಿತ್ತು. ಮುತ್ತಿಗೆಯಲ್ಲಿ ಸತ್ತವರು ಇದರಲ್ಲಿ ಅಲ್ಪಭಾಗ. ಉಳಿದವರು ಊರು ಬಿಟ್ಟು ಹೋದವರು.

ಏಕೆ ಹೋದರು? ನಮ್ಮ ದೇಶದ ಕೈಗಾರಿಕೆಗಳ ಅವನತಿಯನ್ನು ಹೇಳುವಾಗ ಇಂಗ್ಲೆಂಡಿನ ಯಂತ್ರದ ಬಟ್ಟೆಯನ್ನು ಕಾರಣವಾಗಿ ಹೇಳುವುದು ವಾಡಿಕೆ. ಅನ್ಯತ್ರ ಅದು ನಿಜವಿರಬಹುದು. 1800ರ ಶ್ರೀರಂಗಪಟ್ಟಣಕ್ಕೆ ಅನ್ವಯಿಸದು. ಲ್ಯಾಂಕಷೈರಿನ ಬಟ್ಟೆ ಈ ಸೀಮೆಯ ಸಂತೆಗಳನ್ನು ಇನ್ನೂ ಮುಟ್ಟಿರಲಿಲ್ಲ. ಬುಕಾನನನೇ ಕೊಡುವ ಕಾರಣ ಬೇರೆ: ಇಲ್ಲಿಯ ಕೈಗಾರಿಕೆಯೆಂದರೆ ಮುಖ್ಯವಾಗಿ ಯುದ್ಧಸಾಮಗ್ರಿ ಮತ್ತು ದಂಡಿನ ಸರಂಜಾಮು, ಆಯುಧಾಗಾರವು ಮದರಾಸಿನ ಆಯುಧಾಗಾರದ ಅಧೀನ ಶಾಖೆಯಾದ ಕೂಡಲೆ ಆ ಕೈಗಾರಿಕೆ ಕುಗ್ಗಿತು. ಇಲ್ಲಿ ಸರಕಿಗೆ ಅಗ್ಗದ ಪ್ರತಿಸ್ಪರ್ಧಿ ಹುಟ್ಟಿಕೊಳ್ಳಲಿಲ್ಲ, ಕೊಳ್ಳುವವನೇ ಇಲ್ಲದಾದ. ಈ ಎರಡು ಬಗೆಯ ಅವನತಿಗಳನ್ನು ಬೇರೆಬೇರೆಯಾಗಿ ಕಾಣದಿದ್ದರೆ ಈ ಪ್ರಾಂತದ ಹತ್ತೊಂಬತ್ತನೆಯ ಶತಮಾನವು ಅರ್ಥವಾಗದು.

ಒಡೆಯನೊಬ್ಬನ ಅಗತ್ಯಕ್ಕಾಗಿ ನೇಮಕಗೊಂಡ ಪರಿಣತನು ಆ ಅಗತ್ಯ ತೀರಿದೊಡನೆ ಹೊರಬೀಳುವುದಕ್ಕೆ ನಮ್ಮ ಕಾಲದಲ್ಲಿಯೂ ನಿದರ್ಶನಗಳುಂಟು. ಅಮೆರಿಕದ ಡಿಕ್ಸ್ ಎಂಬ ಕ್ರೀಡಾಸಾಮಗ್ರಿಯ ವ್ಯಾಪಾರ ಸಂಸ್ಥೆಯು ತನ್ನ ಅಂಗಡಿಗಳಲ್ಲಿ ಗಾಲ್ಫ್ ಆಟದ ವೃತ್ತಿಪರರನ್ನು, ಎಂದರೆ ತಮ್ಮ ಸಂಘದ ಮನ್ನಣೆ ಪಡೆದ ಶಿಕ್ಷಕರನ್ನು, ಸಂಬಳಕ್ಕೆ ಇಟ್ಟುಕೊಂಡಿತ್ತು. ಗಾಲ್ಫ್ ಸಾಮಗ್ರಿಯ ಮಾರಾಟ ಇಳಿಯಿತು. 2014ರ ಜುಲೈ ತಿಂಗಳಿನಲ್ಲಿ ಅಂಥ 400ಕ್ಕೂ ಹೆಚ್ಚು ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು. ಅವರ ವಿದ್ಯೆಯಲ್ಲಿ ಕೊರತೆಯೇನೂ ಬಂದಿರಲಿಲ್ಲ. ಅಂಗಡಿ ಬಿಟ್ಟವನಿಗೆ ಗಾಲ್ಫಿನ ಮೈದಾನಗಳಾದರೂ ಇದ್ದುವು. ಫಿರಂಗಿ ಎರಕದ ಮೇಸ್ತ್ರಿಗೆ ಅರಸನಲ್ಲದೆ ಬೇರೆ ಗಿರಾಕಿ ಎಲ್ಲಿಯವನು? ಮೈಸೂರಿನ ಅಗ್ನಿಬಾಣಗಳನ್ನು ಇಂಗ್ಲೆಂಡಿಗೆ ಸಾಗಿಸಿ ಪರೀಕ್ಷಿಸಿದರು. ಅವುಗಳ ಮಾದರಿಯ ಮೇಲೆ ವಿಲಿಯಂ ಕಾಂಗ್ರೀವ್ ಹೊಸ ಬಾಣಗಳನ್ನು ನಿರ್ಮಿಸಿ ಕೀರ್ತಿ ಪಡೆದ. ಬಾಣವನ್ನು ಕೊಂಡೊಯ್ದವರಿಗೆ ಬಾಣ ಮಾಡುವವನು ಬೇಕಾಗಲಿಲ್ಲ.

ಸೋತ ಪಕ್ಷದವರೆಲ್ಲರೂ ನಿರ್ಗತಿಕರಾದರೆಂದು ಮಾತ್ರ ಭಾವಿಸಬಾರದು. ಸುಲ್ತಾನನ ಮಕ್ಕಳಿಗೆ ವೆಲ್ಲೂರಿನಲ್ಲಿ ವಾಸವೂ ವರ್ಷಾಶನವೂ ಏರ್ಪಟ್ಟವು. ದೊಡ್ಡ ಸರದಾರರಿಗೆ ವಿಶ್ರಾಂತಿ ವೇತನವೋ ಜಹಗೀರೋ ದೊರೆಯಿತು. ಸುಲ್ತಾನನ ಮಂತ್ರಿಯಾಗಿದ್ದ ಪೂರ್ಣಯ್ಯನವರೇ ಹೊಸ ಸರಕಾರಕ್ಕೂ ದಿವಾನರಾದರು. ಅಶಾಂತಿಯನ್ನು ಎಬ್ಬಿಸಬಲ್ಲವರನ್ನು ಸಮಾಧಾನಪಡಿಸುವುದು ಗೆದ್ದವರ ನೀತಿಯಾಗಿತ್ತು. ಆ ಶಕ್ತಿಯಿಲ್ಲದ ಕುಶಲಕರ್ಮಿಗೆ ಈ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ನಡುವಿನ ಸ್ಥಿತಿಯಲ್ಲಿದ್ದವರು ಸವಾರರು. ಸೆರೆಯಿಂದ ತಪ್ಪಿಸಿಕೊಂಡ ಧೋಂಡಿಯ ವಾಘನು ಸುಲ್ತಾನನ ದಂಡಿನಿಂದ ಚದುರಿದವರನ್ನೇ ಕೂಡಿಸಿಕೊಂಡು ಉತ್ತರದಲ್ಲಿ ದೊಡ್ಡ ದಂಡೆದ್ದ. 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೈನ್ಯದಿಂದ ಹತನಾದ. ಇದನ್ನು ಬರಿಯ ದರೋಡೆಯೆಂದು ಬರೆಯುವುದು ಕುಂಪಣಿಯ ದೃಷ್ಟಿ. ಸಂಬಳ ನಿಂತವರ ದಂಗೆಯೆಂದೂ ಅದನ್ನು ನೋಡಲು ಸಾಧ್ಯವಿದೆ. ದಂಗೆಯೇಳದವರ ಸ್ಥಿತಿಯನ್ನು ಬುಕಾನನ್ ಒಂದೆಡೆ ವರ್ಣಿಸಿದ್ದಾನೆ: ಸುಲ್ತಾನನ ಚಾಕರಿಯಲ್ಲಿದ್ದ ಮುಸಲ್ಮಾನರಲ್ಲಿ ಸ್ವಲ್ಪ ಬಂಡವಾಳವಿದ್ದವರು ಧಾನ್ಯದ ಚಿಲ್ಲರೆ ವ್ಯಾಪಾರಕ್ಕೆ ಇಳಿದರು, ಇಲ್ಲದವರು ರೈತರ ಬಳಿ ಆಳುಗಳಾದರು, ಬೇಸಾಯ ತಿಳಿಯದ ಕಾರಣ ಬೇರೆ ಆಳು ಸಿಕ್ಕದಾಗ ಮಾತ್ರ ಅವರಿಗೆ ಕರೆ ಬರುತ್ತಿತ್ತು.

ಹಿರೋಡೆಯ ಕಥೆ ಸಂಕ್ಷಿಪ್ತವಾದುದು, ಆದರೆ ವಿಚಿತ್ರವಾದುದು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿಯ ಬಂಡೆಗಳ ಬಳಿ ಬಿಡಾರ ಹೂಡಿದ್ದರಿಂದ ಇಂಗ್ಲಿಷರು ಆ ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. 1799ರಲ್ಲಿ ಪಟ್ಟಣದಲ್ಲಿ ಸಿಕ್ಕಿದ ಫ್ರೆಂಚರು ಯುದ್ಧಕೈದಿಗಳಾದರು. ಅಷ್ಟಕ್ಕೇ ನಿಲ್ಲದೆ, ಕುಂಪಣಿಯ ಒಪ್ಪಿಗೆಯಿಲ್ಲದೆ ಪರದೇಶದ ಯೂರೋಪಿಯನ್ನರನ್ನು ಸೇವೆಗೆ ತೆಗೆದುಕೊಳ್ಳಕೂಡದೆಂಬ ನಿಬಂಧನೆಯು ಆ ವರ್ಷದ ಜುಲೈ ತಿಂಗಳ ಸಹಾಯಕ ಸೈನ್ಯದ ಕೌಲಿನಲ್ಲಿ ಸೇರಿತು. ಪರಕೀಯ ಪರಿಣತರಿಗೆ ಮೈಸೂರಿನ ಬಾಗಿಲು ಶಾಸನದಿಂದಲೇ ಮುಚ್ಚಿತು. ಊರಿನ ಅದೃಷ್ಟ ಬೇರೆ: ಕುಂಪಣಿಯ ದೇಶೀಯ ಪಡೆಗಳು ಬಂದು ಅದೇ ಬಂಡೆಗಳ ಬಳಿ ನೆಲಸಿದುವು. ಜನ ಬದಲಾದರೂ ದಂಡಿನ ಠಾಣ್ಯವಾಗಿಯೇ ಅದು ಬಹುಕಾಲ ಉಳಿಯಿತು.

ಅತ್ತಿಗುಪ್ಪೆಯ ಕಡೆಯ ಹಳ್ಳಿಗಳಲ್ಲಿ, ಹಾಗೆಯೇ ಉಳಿದ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ, ಆಘಾತವು ಇಷ್ಟು ತೀವ್ರವಾಗಿರಲಿಲ್ಲ. ಕಂದಾಚಾರದ ವ್ಯವಸ್ಥೆಯೇ ಇದಕ್ಕೆ ಕಾರಣ. ಕಂದಾಚಾರದ ಆಳು ಹುಟ್ಟಾ ರೈತ. ಅವನ ಪ್ರತಿಫಲದಲ್ಲಿ ಒಂದಂಶ ಹಣ, ಒಂದಂಶ ಭೂಮಿಯ ಮೇಲಿನ ರಿಯಾಯಿತಿ. ಕರೆ ಬಂದಾಗ ಕತ್ತಿ, ಇಲ್ಲದಾಗ ನೇಗಿಲು. ಪೂರ್ಣಯ್ಯನವರು ಈ ದಳವನ್ನು ವಿಸರ್ಜಿಸದೆ ಸುಮಾರು 20,000 ಜನರನ್ನು ಉಳಿಸಿಕೊಂಡು ಪೊಲೀಸು ಕೆಲಸಕ್ಕೆ ಬಳಸಿದರು. ಒಮ್ಮೆಗೇ ಕೆಲಸ ಕಳೆದುಕೊಂಡ ಸಹಸ್ರಾರು ಜನರು ಏನು ಮಾಡಬಲ್ಲರೆಂಬುದನ್ನು ಧೋಂಡಿಯನ ಪ್ರಕರಣದಲ್ಲಿ ಕಂಡಿದ್ದ ದಿವಾನರ ದೂರದೃಷ್ಟಿ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಜೆಟ್ಟಿಗಳ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಆಟವನ್ನೇ ವೃತ್ತಿಯನ್ನಾಗಿ ಮಾಡಿಕೊಂಡು ಅರಸನ ಸಂಬಳದಲ್ಲಿ ಬಾಳಿದ ಸಮುದಾಯ ನಮ್ಮಲ್ಲಿ ಇದೊಂದೇ ಎನ್ನಬಹುದು. ಇದರ ಪ್ರಾಚೀನತೆ ದೊಡ್ಡದು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರ ದರ್ಜೆಗಳನ್ನು ಹೇಳುವಾಗ ಮೊದಲನೆಯದಕ್ಕೆ ಜ್ಯೇಷ್ಠಿಕನೆಂದು ಹೆಸರಿದೆ. ಜೆಟ್ಟಿ ಶಬ್ದದ ಮೂಲ ಇದೇ ಎಂದು ವಿದ್ವಾಂಸರ ಅಭಿಪ್ರಾಯ. ಮಲ್ಲನ ಆಹಾರ, ಸಾಧನೆ, ಪೋಷಣೆಗಳೆಲ್ಲವೂ ಅರಸನ ಹೊಣೆಯೆಂದೇ ಆ ಗ್ರಂಥದ ಭಾವನೆ. ವಿಜಯನಗರದ ಮಹಾನವಮಿಯಲ್ಲಿ ಜಟ್ಟಿಕಾಳಗವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಮಲ್ಲರ ಭೀಕರ ಹೊಡೆತಗಳನ್ನು ವರ್ಣಿಸಿದ್ದಾನೆ. ಮಹಾನವಮಿಯ ಸಂಪ್ರದಾಯವು ಶ್ರೀರಂಗಪಟ್ಟಣಕ್ಕೆ ಬಂದಾಗ ಜೆಟ್ಟಿಯೂ ಅದರೊಡನೆ ಬಂದ. ಕಂಠೀರವ ನರಸರಾಜ ಒಡೆಯರು ತಿರುಚಿರಾಪಳ್ಳಿಗೆ ವೇಷ ಮರೆಸಿಕೊಂಡು ಹೋಗಿ ಅಲ್ಲಿಯ ಜೆಟ್ಟಿಯನ್ನು ಕೆಡವಿದರೆಂಬ ಐತಿಹ್ಯವು, ಅರಸರೇ ಈ ವಿದ್ಯೆಯಲ್ಲಿ ಅಭಿಮಾನವಿಟ್ಟಿದ್ದುದನ್ನು ತೋರಿಸುತ್ತದೆ. ಟಿಪ್ಪುವಿನ ಕಾಲದಲ್ಲಿ ಜೆಟ್ಟಿಗಳನ್ನು ಅಪರಾಧಿಗಳ ವಧೆಗೂ ಬಳಸುತ್ತಿದ್ದರೆಂದು ಸೆರೆಯಲ್ಲಿದ್ದ ಇಂಗ್ಲಿಷರು ಬರೆದಿದ್ದಾರೆ. ಅವರ ಬರವಣಿಗೆಯಲ್ಲಿ ದ್ವೇಷದ ಪಾಲನ್ನು ಕಳೆದರೂ, ಮಲ್ಲನು ಅಖಾಡದ ಹೊರಗೂ ಅರಸನ ಆಳೇ ಆಗಿದ್ದನೆಂಬುದು ಉಳಿಯುತ್ತದೆ.

1799ರಲ್ಲಿ ಜೆಟ್ಟಿಗಳಿಗೆ ಒದಗಿದ ಭಾಗ್ಯ ಕಮ್ಮಾರನಿಗೆ ಒದಗಲಿಲ್ಲ. ದಸರಾ ಮೈಸೂರಿಗೆ ಸ್ಥಳಾಂತರಗೊಂಡಿತು. ಅದರ ಹಿಂದೆ ಜೆಟ್ಟಿಯ ಕೆಲಸವೂ ಹೋಯಿತು. ದರ್ಬಾರಿಗೆ ಫಿರಂಗಿ ಬೇಡವಾದರೂ ವಜ್ರಮುಷ್ಟಿ ಬೇಕಾಗಿತ್ತು. ಶ್ರೀರಂಗಪಟ್ಟಣಕ್ಕೆ ಮಾತ್ರ ಇಬ್ಬರೂ ಇಲ್ಲವಾದರು. ಮೈಸೂರು ಆಶ್ರಯ ನೀಡಿದ್ದು ತನ್ನವರಿಗಷ್ಟೇ ಅಲ್ಲ. ತಂಜಾವೂರಿನ ಜೆಟ್ಟಿಗಳು ಅಲ್ಲಿಯ ಅರಮನೆಯ ಬೊಕ್ಕಸ ಮತ್ತು ಒಡವೆಯ ಕೋಣೆಗಳ ಕಾವಲಿನಲ್ಲಿದ್ದರು. 1855ರಲ್ಲಿ ಕೊನೆಯ ರಾಜನು ತೀರಿಕೊಂಡು ಸಂಸ್ಥಾನವು ಕುಂಪಣಿಗೆ ಸೇರಿದ ಮೇಲೆ, ಅವರಲ್ಲಿ ಬಹುಮಂದಿ ಮೈಸೂರೇ ಮೊದಲಾದ ದೇಶೀಯ ಸಂಸ್ಥಾನಗಳಿಗೆ ವಲಸೆ ಹೋದರೆಂದು ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಎಲ್ಲಿ ಅರಸನಿದ್ದಾನೋ ಅತ್ತ ನಡೆಯುವುದೊಂದೇ ಅವರಿಗೆ ತೋರಿದ ದಾರಿ. ಜೆಟ್ಟಿಗಳ ಮತ್ತೊಂದು ವಿದ್ಯೆಯಾದ ಅಂಗಮರ್ದನವು, ಎಂದರೆ ತೈಲ ತಿಕ್ಕಿ ನರಗಳ ನೋವನ್ನು ಕಳೆಯುವುದು, ಸಾಮಾನ್ಯ ಜನರಿಗೂ ಬೇಕಾದ ವಿದ್ಯೆ. ಅರಸನಿಲ್ಲದ ಕಡೆ ಅನ್ನ ಕೊಟ್ಟದ್ದು ಅದು. 1971ರಲ್ಲಿ ರಾಜಧನವು ರದ್ದಾದ ಮೇಲೂ ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತ ಬಂದಿದೆ. ಮೊದಲ ರಕ್ತ ಕಂಡೊಡನೆ ನಿಲ್ಲುತ್ತದೆ. ಆದರೆ ಅದು ಈಗ ವರ್ಷಕ್ಕೊಮ್ಮೆಯ ಸೇವೆಯೇ ಹೊರತು ಜೀವನೋಪಾಯವಲ್ಲ.

ಇದಕ್ಕೆ ತದ್ವಿರುದ್ಧವಾದ ಚಿತ್ರ ನಾಗಮಂಗಲದ್ದು. 1792ರಲ್ಲಿ ಮರಾಠಾ ದಂಡು ಈ ಊರನ್ನು ಹಾಳುಗೆಡವಿ ಸುತ್ತಣ ತೋಟದ ಮರಗಳನ್ನು ಕಡಿದು ಕೆಡವಿತು. ಶ್ರೀರಂಗಪಟ್ಟಣ ಕಂಡ ನಾಶಕ್ಕಿಂತ ಇದು ಕಡಿಮೆಯದೇನಲ್ಲ. ಹೀಗಿದ್ದರೂ ನಾಗಮಂಗಲದ ಲೋಹಶಿಲ್ಪಿಗಳ ಎರಕದ ವಿದ್ಯೆ ನಶಿಸಲಿಲ್ಲ. ಅಲ್ಲಿಯ ಹಿತ್ತಾಳೆಯ ಮತ್ತು ಪಂಚಲೋಹದ ವಿಗ್ರಹಗಳಿಗೆ ಇಂದಿಗೂ ಹೆಸರಿದೆ. ಫಿರಂಗಿಯ ಎರಕಕ್ಕೂ ವಿಗ್ರಹದ ಎರಕಕ್ಕೂ ಮೂಲವಿದ್ಯೆ ದೂರದ್ದಲ್ಲ. ಒಬ್ಬನಿಗೆ ಗಿರಾಕಿ ಒಂದು ಬೊಕ್ಕಸ. ಮತ್ತೊಬ್ಬನಿಗೆ ನೂರು ಊರುಗಳ ದೇವಾಲಯಗಳು, ಮನೆಮನೆಯ ದೇವರ ಗೂಡುಗಳು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯೂ ಇಂಥದೇ. 1771ರ ಚಿನಕುರಳಿ ಯುದ್ಧದ ತರುವಾಯ ಮರಾಠರು ಅದನ್ನು ಸೂರೆಮಾಡಿ, ಕಬ್ಬಿಣದ ಆಸೆಗೆ ಮರದ ತೇರುಗಳಿಗೆ ಬೆಂಕಿಯಿಟ್ಟರೆಂದು ಬುಕಾನನ್ ಬರೆದಿದ್ದಾನೆ. ದೇವರ ಉತ್ಸವವೂ ಯಾತ್ರಿಕರ ಬರವೂ ನಿಲ್ಲದ್ದರಿಂದ ಊರು ಮತ್ತೆ ತಲೆಯೆತ್ತಿತು.

ಗಂಜಾಮಿನಲ್ಲಿ 1800ರ ಹೊತ್ತಿಗೆ ನೇಕಾರರು ಮರಳಿ ಕೂಡುತ್ತಿದ್ದರು. ಅವರ ಸಂಖ್ಯೆ ಬೇಗನೆ ಹೆಚ್ಚುವುದೆಂದು ಬುಕಾನನ್ ನಂಬಿದ್ದ. ಈ ನಿರೀಕ್ಷೆಗೆ ಕುಂಪಣಿಯ ಭಾರಿ ಕಾವಲು ಪಡೆಯ ಇರವೂ ಒಂದು ಆಧಾರವಾಗಿದ್ದಿರಬೇಕು. ಆದರೆ ದ್ವೀಪದ ಚಳಿಜ್ವರಕ್ಕೆ ಸೋಲ್ಜರುಗಳು ತುತ್ತಾಗತೊಡಗಿದುದರಿಂದ ಸುಮಾರು ಒಂದು ದಶಕದೊಳಗೆ ಸೈನ್ಯದ ಮುಖ್ಯ ಠಾಣ್ಯವನ್ನು ಬೆಂಗಳೂರಿಗೆ ಸಾಗಿಸಿದರು, ಮತ್ತು ಪಟ್ಟಣವು ಎರಡನೆಯ ಸಲ ತನ್ನ ದೊಡ್ಡ ಗಿರಾಕಿಯನ್ನು ಕಳೆದುಕೊಂಡಿತು. ಪೇಟೆಯ ನೆಲದಲ್ಲಿ ತೋಟಗಳೆದ್ದುವು. ಗಂಜಾಮೆಂದರೆ ಜನರಿಗೆ ಅಂಜೂರದ ಹಣ್ಣು ನೆನಪಾಗುವ ಕಾಲ ಬಂದಿತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ದ್ವೀಪವೂ ಮೈಸೂರಿಗೆ ಮರಳಿತು. ಇಪ್ಪತ್ತು ವರ್ಷಗಳ ಅನಂತರ, 1901ರ ಜನಗಣತಿಯಲ್ಲಿ, ಶ್ರೀರಂಗಪಟ್ಟಣದ ಜನಸಂಖ್ಯೆ 8,584.