ಶಾಲೆಯ ಕೋಣೆಯೂ ಕಡಲತಡಿಯ ಹಳೆಯ ಸಾಮಗ್ರಿಯೂ

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಹೋದವರು ಅಲ್ಲಿ ನೆಲದ ಮೇಲೆ ನೆಲೆನಿಂತಿರುವ ‘ಚಪಲ್’ ಎಂಬ ಯುದ್ಧನೌಕೆಯನ್ನು ನೋಡಿಯೇ ಇರುತ್ತಾರೆ. ನೌಕಾಪಡೆಯ ಸೇವೆಯಿಂದ ನಿವೃತ್ತವಾದ ಬಳಿಕ ಗುಜರಿಯ ಪಾಲಾಗಬಹುದಾಗಿದ್ದ ಆ ಕ್ಷಿಪಣಿ ನೌಕೆಯು 2006ರಲ್ಲಿ ವಸ್ತುಸಂಗ್ರಹಾಲಯವಾಗಿ ಮಾರ್ಪಟ್ಟು, ಶಾಲೆಯ ಮಕ್ಕಳು ಸಾಲುಗಟ್ಟಿ ಏರಿ ಇಳಿಯುವ ಪಾಠದ ಕೋಣೆಯಾಗಿ ಪರಿಣಮಿಸಿದೆ. ಹಡಗಿಗೆ ಸಂದ ಈ ಭಾಗ್ಯವು ಕಾರವಾರ, ಅಂಕೋಲೆಗಳ ಹಳ್ಳಿಶಾಲೆಯ ಕೋಣೆಗಳಿಗೂ ಸಲ್ಲಬೇಕು. ಅದೂ ಆ ಕೋಣೆಯಲ್ಲಿ ಕುಳಿತು ಓದುವ ಮಕ್ಕಳ ಕೈಯಿಂದಲೇ, ಒಬ್ಬ ಕಲಾವಿದನ ಸಹವಾಸದಲ್ಲಿ ಸಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ತೀರಕ್ಕೆ ಟಾಗೋರರ ಹೆಸರು ಬಂದುದು ಉಚಿತವೇ ಆಗಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆದಿಯಲ್ಲಿ, ಇಲ್ಲಿಗೆ ಬಂದು ಕೆಲಕಾಲ ನೆಲೆಸಿ ಒಂದು ನಾಟಕವನ್ನೂ ರಚಿಸಿದ ಆ ತರುಣ ಕವಿಯೇ ಮುಂದೆ 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನೂ 1919ರಲ್ಲಿ ಕಲಾಭವನವನ್ನೂ ಸ್ಥಾಪಿಸಿದರು. ಆ ಕಲಾಭವನದಲ್ಲಿ, ನಂದಲಾಲ ಬೋಸರ ಮಾರ್ಗದರ್ಶನದಲ್ಲಿ, 1930ರ ದಶಕದಲ್ಲಿ ಎದ್ದು ನಿಂತ ಮಣ್ಣಿನ ಮನೆಯೊಂದಕ್ಕೆ, ಮಳೆಗೆ ಕರಗದಿರಲೆಂದು ಡಾಂಬರನ್ನು ಲೇಪಿಸಿದುದರಿಂದ, ‘ಕಾಲೋ ಬಾಡಿ’, ಅಂದರೆ ಕಪ್ಪು ಮನೆ, ಎಂಬ ಹೆಸರು ಬಂದಿತು. ಅದರ ಗೋಡೆಗಳ ಮೇಲಿನ ಉಬ್ಬುಚಿತ್ರಗಳನ್ನು ಗುರುಗಳೂ ವಿದ್ಯಾರ್ಥಿಗಳೂ ಕೂಡಿಯೇ ಮಾಡಿದರು. ವಿದ್ಯಾರ್ಥಿಗಳು ಅದೇ ಮನೆಯಲ್ಲಿ ವಾಸಿಸಿದರು. ತಾನು ಕೈಯಿಟ್ಟು ಮಾಡಿದ ಗೋಡೆಯನ್ನು ಯಾವ ಹುಡುಗನೂ ಗೀಚಿ ಕೆಡಿಸಲಾರ.

ಇಟಲಿಯ ರೆಜ್ಜೊ ಎಮಿಲಿಯಾ ಪಟ್ಟಣದ ಸಮೀಪದ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯವರು 1945ರಲ್ಲಿ, ಮಹಾಯುದ್ಧ ಮುಗಿಯುತ್ತಲೇ, ಓಡಿಹೋದ ಜರ್ಮನ್ ಸೈನ್ಯವು ಬಿಟ್ಟುಹೋಗಿದ್ದ ಒಂದು ಟ್ಯಾಂಕು, ಕೆಲವು ಲಾರಿ, ಕುದುರೆಗಳನ್ನು ಮಾರಿ, ಬಾಂಬಿಗೆ ಬಿದ್ದ ಮನೆಗಳ ಇಟ್ಟಿಗೆಗಳನ್ನು ಆಯ್ದು ತಂದು ತಮ್ಮ ಮಕ್ಕಳಿಗೆ ಶಾಲೆ ಕಟ್ಟಿದರು. ಆ ಪ್ರದೇಶದ ಶಿಶುವಿಹಾರಗಳಲ್ಲಿ ಕಲಾವಿದರಿಗೂ ಅವರ ಕಾರ್ಯಾಗಾರಕ್ಕೂ ಖಾಯಂ ಸ್ಥಾನ ದೊರೆತುದು ಈ ಆರಂಭದ ಫಲವೇ ಸರಿ.

ಇನ್ನು ನಮ್ಮ ಕಡೆಗೆ ಬರೋಣ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕರಾವಳಿಯ ಮನೆಮನೆಯ ಮಾಡನ್ನೇರಿದ ಕೆಂಪು ಹೆಂಚು, ಈಗ ಎಲ್ಲೆಲ್ಲಿಯೂ ತಾರಸಿ ಮನೆಗಳು ಏಳುತ್ತಿರಲಾಗಿ, ಹಿತ್ತಿಲುಗಳಲ್ಲಿ ಅಟ್ಟಿಯಾಗಿ ಬಿದ್ದಿದೆ. ಅದರಲ್ಲಿ ಇಡಿಯಾದದ್ದು ಶಾಲೆಯ ಕೈತೋಟಕ್ಕೆ ಅಂಚಾಗಬಲ್ಲುದು, ಒಡೆದದ್ದು ಜಗುಲಿಯ ನೆಲದಲ್ಲಿ ಚಿತ್ತಾರವಾಗಬಲ್ಲುದು. ಹಳೆಯ ಮನೆಯ ಒಂದೆರಡು ಗಾಜಿನ ಹೆಂಚುಗಳನ್ನು ತಂದು ಮಾಡಿಗೆ ಹೊದಿಸಿದರೆ ಆಷಾಢದ ಮಬ್ಬಿನಲ್ಲಿಯೂ ಕೊನೆಯ ಸಾಲಿನ ಮಕ್ಕಳಿಗೆ ಅಕ್ಷರ ಕಾಣುತ್ತದೆ. ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿಯೂ ಬೇಲೆಕೇರಿಯ ದಂಡೆಯಲ್ಲಿಯೂ ಹರಿದ ಬಲೆಗೆ ಕೊರತೆಯಿಲ್ಲ. ಅದನ್ನು ತೊಳೆದು ಗೋಡೆಗೆ ಬಿಗಿದರೆ ಮಕ್ಕಳ ಚಿತ್ರಗಳನ್ನು ಸಿಕ್ಕಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಬೇರೆ ಬೇಡ. ಮುರುಕು ದೋಣಿಯ ಹಲಗೆ ಪುಸ್ತಕದ ಕಪಾಟಾಗುತ್ತದೆ, ಗೆರಟೆ ಬಣ್ಣದ ಬಟ್ಟಲಾಗುತ್ತದೆ. ನದೀಮುಖಗಳಲ್ಲಿ ದೊರೆಯುವ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವಂತೂ ಈ ತೀರದ ಹಳೆಯ ಸಂಪತ್ತು.

ಆದರೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ರಟ್ಟು, ಕಾಗದ, ಬಟ್ಟೆಗಳನ್ನು ನಂಬಿ ಮಾಡಿದ ಅಲಂಕಾರವು ಶ್ರಾವಣದೊಳಗೆ ಬೂಷ್ಟು ಹಿಡಿದು ಗೋಡೆಯಿಂದ ಕಳಚುವುದೆಂಬುದನ್ನು ಬಯಲುಸೀಮೆಯಿಂದ ಬಂದ ಕಲಾವಿದನಿಗೆ ಮೊದಲೇ ಹೇಳತಕ್ಕದ್ದು. ಹಾಗೆಯೇ ಹಳೆಯ ಕಲ್ನಾರಿನ ತಗಡನ್ನು ಕತ್ತರಿಸಕೂಡದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಹಳೆಯ ಬಣ್ಣವನ್ನು ಕೆರೆಯುವ ಕೆಲಸವನ್ನೂ ಮಕ್ಕಳಿಗೆ ಒಪ್ಪಿಸಕೂಡದು, ಅದರಲ್ಲಿ ಸೀಸವಿರುವ ಸಂಭವವುಂಟು. ಕೀಟನಾಶಕದ ಡಬ್ಬಿಯಂತೂ ಶಾಲೆಯ ಆವರಣವನ್ನೇ ಪ್ರವೇಶಿಸಬಾರದು.

ಕಲಾವಿದನ ಕರ್ತವ್ಯವೇನು? ಗೋಡೆಯ ಮೇಲೆ ರೈಲುಗಾಡಿಯನ್ನೋ ಕಾಡುಮೃಗಗಳನ್ನೋ ತಾನೇ ಅಂದವಾಗಿ ಬರೆದು ಹೋಗುವವನು ಮಕ್ಕಳಿಗೆ ಸಂತೋಷವನ್ನು ಕೊಡುತ್ತಾನೆ, ನಿಜ. ಆದರೆ ಕೋಣೆಯನ್ನು ನೋಡುವ ಕಣ್ಣನ್ನು ಕೊಟ್ಟವನ ಉಪಕಾರ ಅದಕ್ಕಿಂತ ದೊಡ್ಡದು. ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ಕರಿಹಲಗೆ ಯಾರಿಗೆ ಕಾಣದು, ಗಾಳಿ ಯಾವ ಕಿಟಕಿಯಿಂದ ಬಂದು ಎಲ್ಲಿ ತಡೆಯುತ್ತದೆ ಎಂಬುದನ್ನೆಲ್ಲ ಮಕ್ಕಳೇ ಅಳೆದು ಬರೆದುಕೊಳ್ಳಲಿ, ಅನಂತರ ಸಾಮಗ್ರಿಯನ್ನು ಹುಡುಕಲಿ. ಕಬೀರ ವಾಜಪೇಯಿ ಎಂಬ ವಾಸ್ತುಶಿಲ್ಪಿಯೂ ಅವರ ಸಂಗಡಿಗರೂ, ಕಟ್ಟಡವೇ ಕಲಿಕೆಯ ಸಾಧನವಾಗಬೇಕೆಂಬ ತತ್ತ್ವದಿಂದ, ಬಾಗಿಲು ತೆರೆದಂತೆಲ್ಲ ಕೋನಗಳು ಎಣಿಕೆಗೆ ಸಿಗುವಂತೆ ಅದರ ಕೆಳಗಿನ ನೆಲದಲ್ಲಿ ಅಂಶಗಳನ್ನು ಗುರುತಿಸುವ ಉಪಾಯವನ್ನು ಪ್ರಚಾರಕ್ಕೆ ತಂದರು. ಖರ್ಚು ಒಂದು ಡಬ್ಬಿ ಬಣ್ಣದ್ದು. ರೇಖಾಗಣಿತದ ಪಾಠ ದಿನವೂ ನಡೆಯುತ್ತದೆ. ಸುಗ್ಗಿಯ ಕುಣಿತಕ್ಕಾಗಿ ಮನೆಯ ಹಿರಿಯರು ಬೆಂಡು, ಬಣ್ಣದ ಕಾಗದಗಳಿಂದ ತುರಾಯಿ ಕಟ್ಟುವುದನ್ನು ಕಂಡು ಬೆಳೆದ ಅಂಕೋಲೆಯ ಹಾಲಕ್ಕಿ ಮಕ್ಕಳಿಗೆ ಇಂತಹ ಕೈಗೆಲಸವನ್ನು ಹೊಸದಾಗಿ ಕಲಿಸಬೇಕಾದುದು ಅಲ್ಪವೇ; ಆ ಹಿರಿಯರನ್ನೂ ಕೆಲವು ದಿನ ಶಾಲೆಗೆ ಕರೆಯುವುದು ಲೇಸು.

ಕೊನೆಯದಾಗಿ, ಎಲ್ಲ ಗೋಡೆಗಳನ್ನೂ ಒಂದೇ ಸಲಕ್ಕೆ ತುಂಬಿಬಿಡಬಾರದು. ಶಿರಸಿ, ಸಾಗರದ ಕಡೆಯ ದೀವರ ಹೆಂಗಸರು ಅಕ್ಕಿಹಿಟ್ಟು, ಕೆಮ್ಮಣ್ಣು, ಹುರಿದು ಕರಿ ಮಾಡಿದ ಅಕ್ಕಿ ಇವುಗಳ ಬಣ್ಣದಲ್ಲಿ ಪುಂಡಿನಾರಿನ ಕುಂಚದಿಂದ ಬರೆಯುವ ಹಸೆಚಿತ್ತಾರವು ಮದುವೆ ಬಂದಾಗಲೆಲ್ಲ ಗೋಡೆಯ ಮೇಲೆ ಹೊಸತಾಗಿ ಮೂಡುತ್ತದೆ. ಆ ಪದ್ಧತಿಯನ್ನು ಅನುಸರಿಸಿ ಶಾಲೆಯವರೂ ಒಂದು ಗೋಡೆಗೆ ಪ್ರತಿವರ್ಷ ಮೇ ತಿಂಗಳಲ್ಲಿ ಸುಣ್ಣ ಬಳಿದು ಬರಿದಾಗಿ ಬಿಟ್ಟರೆ, ಜೂನಿನಲ್ಲಿ ಬರುವ ಹೊಸ ತರಗತಿಯು ತನ್ನ ಕೆಲಸವನ್ನು ಅಲ್ಲಿಂದ ಆರಂಭಿಸಬಹುದು.