‘ಧರ್ಮಯುದ್ಧ’ದ ಪಾಠ ಬೀದರ್ ಕೋಟೆಯಿಂದ ಶುರುವಾಗಲಿ

ಕ್ರುಸೇಡ್, ಜಿಹಾದ್ ಎಂಬ ಪದ ಬಂದೊಡನೆ ಮಕ್ಕಳು ಕೇಳುವುದು ‘ಯಾರು ಹೆಚ್ಚು ಕ್ರೂರಿಗಳು?’ ಎಂದು. ಮುಸ್ಲಿಂ, ಮೆಥಡಿಸ್ಟ್, ಲಿಂಗಾಯತ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ನಮ್ಮ ಹುಡಗಿ, ಹುಮನಾಬಾದ್ ಕಡೆ ಇದಕ್ಕೆ ಅಂಕ ಹಾಕಿದಂತೆ ಉತ್ತರ ಕೊಡಲಾಗದು. ‘ಯಾರು ಯಾರ ಜೊತೆ ನಿಂತರು?’ ಎಂದು ಪ್ರಶ್ನೆಯನ್ನೇ ತಿರುಗಿಸುವುದು ಮೇಲು.

1565ರ ತಾಳಿಕೋಟೆ ಯುದ್ಧದಲ್ಲಿ ಬೀದರಿನ ಬರೀದ್‌ಶಾಹಿಯು ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡಗಳೊಡನೆ ವಿಜಯನಗರದ ವಿರುದ್ಧ ನಿಂತಿತು. ಕೆಲವೇ ವರ್ಷ ಮೊದಲು ಬಿಜಾಪುರ ಅದೇ ರಾಮರಾಯನನ್ನು ಕರೆದುಕೊಂಡು ಅಹಮದ್‌ನಗರದ ಮೇಲೆ ಏರಿಹೋಗಿತ್ತು! 1619ರಲ್ಲಿ ಬೀದರನ್ನು ನುಂಗಿದ್ದೂ ಬಿಜಾಪುರವೇ.

ಯುರೋಪಿನಲ್ಲೂ ಹೀಗೆಯೇ. 1204ರಲ್ಲಿ ಕ್ರುಸೇಡ್ ಸೈನ್ಯ ಲೂಟಿ ಮಾಡಿದ್ದು ಕ್ರೈಸ್ತರದೇ ನಗರವಾದ ಕಾನ್‌ಸ್ಟಾಂಟಿನೋಪಲನ್ನು. ಮೂವತ್ತು ವರ್ಷಗಳ ಯುದ್ಧದಲ್ಲಿ ಕ್ಯಾಥೊಲಿಕ್ ಫ್ರಾನ್ಸ್ 1635ರಲ್ಲಿ ಪ್ರೊಟೆಸ್ಟಂಟರ ಪರವಾಗಿ ಕತ್ತಿ ಹಿಡಿಯಿತು.

ಹಾಗೆಂದು ಧರ್ಮ ಬರೀ ನೆಪ ಎಂದು ಜಾರಿಕೊಳ್ಳುವಂತಿಲ್ಲ. 1099ರಲ್ಲಿ ಜೆರುಸಲೇಮ್ ಗೆದ್ದ ಕ್ರುಸೇಡ್ ಯೋಧರು ಅಲ್ಲಿನ ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದರು. 1187ರಲ್ಲಿ ಅದನ್ನು ಮರಳಿ ಪಡೆದ ಸಲಾಹುದ್ದೀನ್ ಹಣ ಕಟ್ಟಿದವರನ್ನು ಹೋಗಗೊಟ್ಟ. ಕಟ್ಟಲಾಗದ ಸಾವಿರಾರು ಜನ ಗುಲಾಮರಾದರು. ಇವೆರಡನ್ನೂ ಅದೇ ಅವಧಿಯಲ್ಲಿ ಹೇಳಬೇಕು. ಬೀದರ್ ಮಾತ್ರ ಮೊದಲು ಬರಲಿ, ಆ ಕೋಟೆಯನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ.